ತಾರಸಿ ಮೇಲೆ ನಿಂತವರು

ಪಾರಿವಾಳ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದ ನನಗೆ ನೆನಪಾಗುವುದು ಸ್ವಾತಂತ್ರ್ಯ ದಿನದ ಚಿತ್ರಸ್ಪರ್ಧೆ. ವರ್ಷ ವರ್ಷವೂ ಮಕ್ಕಳು ಅದೇ ಹಕ್ಕಿಯನ್ನು ಬರೆಯುತ್ತಾರೆ. ಕೊಕ್ಕಿನಲ್ಲಿ ಒಂದು ಎಲೆ, ಹಿಂದೆ ಒಂದು ಬಾವುಟ. ಅರ್ಧ ಪಾರಿವಾಳಗಳು ಬಾತುಕೋಳಿಯ ಹಾಗಿರುತ್ತವೆ, ಉಳಿದರ್ಧ ಮೀನಿನ ಹಾಗೆ. ‘ಇದು ಶಾಂತಿಯ ಸಂಕೇತ ಕಣ್ರೋ, ಮುಖದಲ್ಲಿ ಒಂಚೂರು ಶಾಂತಿ ಬರಲಿ’ ಎಂದು ಹೇಳಿಕೊಂಡು ಬಂದವನು ನಾನು. ಈಗ ಹೇಳುವುದಿಲ್ಲ. ತಾರಸಿಯ ಮೇಲೆ ಸೋಲಾರ್ ಪ್ಯಾನಲ್ ಹಾಕಿಸಿಕೊಂಡ ಯಾವ ಮನುಷ್ಯನೂ ಪಾರಿವಾಳವನ್ನು ಶಾಂತಿಯ ಸಂಕೇತ ಅನ್ನಲಾರ.

ನಮ್ಮ ಮನೆ ಇರುವುದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ತಾರಸಿ ಹತ್ತಿದರೆ ಆ ಬರಿಬಂಡೆ ಅರ್ಧ ಆಕಾಶವನ್ನು ನುಂಗಿಕೊಂಡು ನಿಂತಿರುತ್ತದೆ. ಮಧ್ಯಾಹ್ನವಾದರೆ ಅದರ ಕಾವು ಬೀದಿಗೆ ಇಳಿಯುತ್ತದೆ. ಆಗ ನಾಯಿಯೂ ಬೊಗಳುವುದಿಲ್ಲ, ಜಗಲಿಯ ಮೇಲೆ ಕೂತವರೂ ದನಿ ತಗ್ಗಿಸುತ್ತಾರೆ. ಬೇರೆ ಊರುಗಳಲ್ಲಿ ಮಕ್ಕಳು ಕತ್ತಲೆಗೆ ಹೆದರುತ್ತಾರಂತೆ. ನಾವು ಹೆದರಿದ್ದು ಉರಿಬಿಸಿಲಿಗೆ. ‘ಮಟಮಟ ಮಧ್ಯಾಹ್ನ ಮಾಳಿಗೆ ಮ್ಯಾಲೆ ಹೋಗ್ಬ್ಯಾಡ್ರಲಾ’ ಎಂದು ಅಮ್ಮ ಗದರುತ್ತಿದ್ದಳು. ಯಾಕೆ ಅಂದರೆ ಹೇಳುತ್ತಿರಲಿಲ್ಲ. ಹೇಳದೆ ಬಿಟ್ಟದ್ದರಿಂದಲೇ ನಾನೂ ಅಣ್ಣನೂ ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ಯಾರೋ ಓಡಾಡುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳುತ್ತಿದ್ದೆವು.

ಅಣ್ಣ ಟೈಲರ್ ಆದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಬಹಳ ಕಡಿಮೆ. ಗಿರಾಕಿ ಏನೇ ಹೇಳಲಿ, ಬಾಯಲ್ಲಿ ಸೂಜಿಯೋ ದಾರವೋ ಇದ್ದವನ ಹಾಗೆ ‘ಹ್ಞೂಂ’ ಅನ್ನುತ್ತಿದ್ದ. ನನ್ನ ಅತ್ತಿಗೆ ಕಮಲಮ್ಮ ಅದಕ್ಕೆ ತದ್ವಿರುದ್ಧ. ಬೆಳಗ್ಗೆ ಎದ್ದಾಗ ಶುರುವಾದ ಮಾತು ದೀಪ ಆರಿಸುವ ತನಕ. ಆಕೆ ಹೇಳುವುದು, ಇವನು ಹ್ಞೂಂಗುಟ್ಟುವುದು. ಮಕ್ಕಳಾಗಲಿಲ್ಲ. ಆದರೆ ಆ ಹ್ಞೂಂಕಾರದ ಮೇಲೆಯೇ ಅವರ ಸಂಸಾರ ಸುಖವಾಗಿ ನಡೆದಿತ್ತು.

ಅತ್ತಿಗೆ ಬೀದಿಯ ಭಜನೆ ಹೆಂಗಸರ ಜೊತೆ ಕಾಶಿಗೆ ಹೋಗಿದ್ದಾಗ ಅಣ್ಣ ತೀರಿಕೊಂಡ. ಲೈನಿಂಗ್ ಬಟ್ಟೆ ತರಲು ಶಿರಾಕ್ಕೆ ಹೋಗಿದ್ದವನು ಬಟ್ಟೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಅತ್ತಿಗೆ ಎಲ್ಲೋ ದೂರದಲ್ಲಿ, ಬಂದು ಮುಟ್ಟುವುದಕ್ಕೆ ರೈಲಿನಲ್ಲಿ ದಿನಗಳೇ ಬೇಕು. ಅಲ್ಲಿಯವರೆಗೆ ಇಟ್ಟುಕೊಳ್ಳುವುದು ಆಗದು ಎಂದು ಹಿರಿಯರು ತೀರ್ಮಾನ ಮಾಡಿದರು. ನಾನೇ ಬೆಂಕಿ ಇಟ್ಟೆ. ದಾರಿಯಲ್ಲಿ ಏನಾದರೂ ಮಾಡಿಕೊಂಡಾಳು ಅಂತ ಅತ್ತಿಗೆಗೆ ಫೋನಿನಲ್ಲಿ ಯಾರೂ ಹೇಳಲಿಲ್ಲ.

ಗಂಗೆಯ ತಂಬಿಗೆ, ಕಾಶಿದಾರದ ಪೊಟ್ಟಣ ಹಿಡಿದು ಬಂದ ಅತ್ತಿಗೆ ಅಂಗಡಿಯ ಖಾಲಿ ಕುರ್ಚಿ ನೋಡಿ, “ಎಲ್ಲಿ ಇವ್ರು?” ಅಂದರು.

ನಮ್ಮ ಸೋದರತ್ತೆ ಗೋಳೋ ಎಂದು ಅತ್ತು, “ಸಿರಾಕ್ಕೆ ಹೋದೋನು ಹೋಗೇಬುಟ್ನಲ್ಲೇ ನಮ್ಮವ್ವ!” ಅಂದಳು.

ಅತ್ತಿಗೆ ತಂಬಿಗೆಯನ್ನು ದೇವರ ಗೂಡಿನಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು. “ಸಿರಾಕ್ಕಾ? ಅಂಗಾರೆ ಸಂಜೆ ಬಸ್ಸಿಗೆ ಬತ್ತಾರೆ ಬುಡಿ. ಅದಕ್ಯಾಕೆ ಅಳ್ತೀರಿ?” ಅಂದರು.

ಅಲ್ಲಿಗೆ ಮುಗಿಯಿತು. ಆಮೇಲೆ ಯಾರು ಏನು ಹೇಳಿದರೂ ಆ ಮಾತು ಅವರ ಕಿವಿಯೊಳಗೆ ಇಳಿಯಲಿಲ್ಲ. ಉಳಿದ ಎಲ್ಲದರಲ್ಲೂ ಸರಿಯಾಗಿದ್ದರು. ಸೊಪ್ಪಿನವಳ ಜೊತೆ ಚೌಕಾಸಿ ಮಾಡುವರು, ನನ್ನ ಹೆಂಡತಿ ಜಯಳ ಸಾರಿಗೆ ಉಪ್ಪು ಜಾಸ್ತಿ ಅನ್ನುವರು. ತುಮಕೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ಒತ್ತಾಯ ಮಾಡಬೇಡಿ, ನಿಧಾನಕ್ಕೆ ಒಪ್ಪಿಕೊಳ್ತಾರೆ’ ಅಂದರು. ನಾವು ಒತ್ತಾಯ ಮಾಡಲಿಲ್ಲ. ಸಂಜೆ ಶಿರಾ ಬಸ್ಸಿನ ಹಾರನ್ ಕೇಳಿದರೆ ಅತ್ತಿಗೆ ಬಾಗಿಲಿಗೆ ಹೋಗಿ ನಿಲ್ಲುವರು. ನಾವು ಟೀವಿ ಸದ್ದು ಜೋರು ಮಾಡುತ್ತಿದ್ದೆವು. ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುತ್ತಾನೆ ನೋಡಿ.

ಸೋಲಾರ್ ಬಂದದ್ದು ಅದಾದ ಮೇಲೆ. ಅದಕ್ಕೆ ಕಾರಣ ಜಯಳ ತಮ್ಮ ಆಂಜಿ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಅವನ ಊರು. ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಅವನು ಬಿಸಿಲಿನ ಪ್ರಚಾರಕನೇ ಆಗಿಬಿಟ್ಟಿದ್ದ. “ಮಾ ಊಳ್ಳೋ ಈಗ ಸೂರ್ಯುಡೇ ಪಂಟ, ಬಾವ! ನೀವೂ ಬೆಳೀರಿ” ಅನ್ನುವನು. ಅವನೂರಲ್ಲಿ ಸೂರ್ಯನೇ ಬೆಳೆಯಂತೆ. ಕಡಲೆಕಾಯಿ ಬೆಳೆಯಲೂ ಬಾರದ ನಾನು ಸೂರ್ಯನನ್ನು ಬೆಳೆಯಲು ಹೊರಟೆ. ಅತ್ತಿಗೆಯ ಕೋಣೆಯ ನೆತ್ತಿಯ ಮೇಲೆ ಪ್ಯಾನಲ್‌ಗಳು ಕೂತವು. ಮೊದಮೊದಲು ದಿನಕ್ಕೊಂದು ಸಲ ಮೇಲೆ ಹೋಗಿ, ಎಮ್ಮೆ ಕೊಂಡವನ ಹಾಗೆ ಅವುಗಳ ಮೈ ಸವರಿ ಬರುತ್ತಿದ್ದೆ.

ಪಾರಿವಾಳಗಳು ಬೆಟ್ಟದ ಮೇಲಿನ ಕೋಟೆಯಿಂದ ಇಳಿದು ಬಂದವು. ಬೆಟ್ಟದ ಬಿರುಕುಗಳಲ್ಲಿ ತಲೆತಲಾಂತರದಿಂದ ಇದ್ದ ಹಕ್ಕಿಗಳಿಗೆ, ಬಿಸಿಲೂ ಬೀಳದ ಮಳೆಯೂ ನೆನೆಸದ ಸಂದು ಕಂಡು ಸಂತೋಷವಾಗಿರಬೇಕು. ಪ್ಯಾನಲ್ಲಿನ ಅಡಿಯಲ್ಲಿ ಕಡ್ಡಿ, ತೆಂಗಿನ ನಾರು, ಯಾರದೋ ಪೊರಕೆಯ ಎಳೆ ತಂದು ತುಂಬಿದವು. ಮೇಲೆಲ್ಲ ಹಿಕ್ಕೆ. ತೊಳೆದು ಕೆಳಗಿಳಿಯುವಷ್ಟರಲ್ಲಿ ಮತ್ತೆ ಹಿಕ್ಕೆ. ಕರೆಂಟು ಇಳಿಯುತ್ತಾ ಬಂತು. ಒಂದು ವೈರನ್ನು ಕುಕ್ಕಿ ಕುಕ್ಕಿ ತಾಮ್ರ ಕಾಣುವ ಹಾಗೆ ಮಾಡಿದ್ದವು.

ಅದೆಲ್ಲ ಹೋಗಲಿ. ನನ್ನನ್ನು ಕಾಡಿದ್ದು ಸದ್ದು.

ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆಯ ಕೋಣೆಯ ಮುಂದೆ ಹಾಯುತ್ತಿದ್ದೆ. ಒಳಗೆ ಅವರು ಯಾರೊಡನೆಯೋ ಮಾತಾಡುತ್ತಿದ್ದರು.

“ಸೊಪ್ಪಿನವ್ಳು ಇವತ್ತು ಕೊಳೆತಿದ್ದು ಕೊಟ್ಟೋಗವ್ಳೆ ಕಣ್ರೀ.”

“ಹ್ಞೂಂ…” ಎಂದಿತು ಯಾವುದೋ ಗಂಟಲು. ತೂಕಡಿಸುತ್ತಾ ಹೇಳಿದ ಹಾಗೆ, ಬಹಳ ಮೇಲಿನಿಂದ.

“ಜಯಂಗೆ ಹೇಳ್ದೆ, ಅವ್ಳು ನಗ್ತಾಳೆ.”

“ಹ್ಞೂಂ… ಹ್ಞೂಂ…”

ಅದು ಪಾರಿವಾಳದ ಗುಟುರು, ಚಾವಣಿಯ ಮೂಲಕ ಇಳಿದು ಮೆತ್ತಗಾಗಿ ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲ ಸಂದಿನಲ್ಲಿ ಇಣುಕಿದೆ. ಅತ್ತಿಗೆ ಮಂಚದ ಮೇಲೆ ಅಂಗಾತ ಮಲಗಿ, ಸೂರನ್ನು ನೋಡುತ್ತಾ, ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಒಂದು ಕಡೆ ಮಾತು ನಿಲ್ಲಿಸಿದರು. ಮೇಲಿನದೂ ನಿಂತಿತು. ಇಬ್ಬರೂ ಯಾವುದೋ ವಿಷಯ ಯೋಚಿಸುತ್ತಿರುವ ಹಾಗೆ ಕೋಣೆ ಸುಮ್ಮನಾಯಿತು.

ನಾನು ಅವತ್ತೇ ಸೋಲಾರ್ ಹಾಕಿದ ಕಂಪನಿಯವರಿಗೆ ಫೋನ್ ಮಾಡಿದೆ. ಪ್ಯಾನಲ್ಲಿನ ಸುತ್ತ ತಂತಿ ಜಾಲರಿ ಹೊಡೆದು ಹಕ್ಕಿ ಒಳಗೆ ನುಸುಳದ ಹಾಗೆ ಮುಚ್ಚುತ್ತಾರಂತೆ. ಆದರೆ ಜಾಲರಿಯ ಮಾಲು ಬರಬೇಕು, ಸ್ವಲ್ಪ ದಿನ ಏನಾದರೂ ಮಾಡಿಕೊಳ್ಳಿ ಅಂದರು.

ಏನಾದರೂ ಮಾಡುವುದರಲ್ಲಿ ನಾನು ನಿಸ್ಸೀಮ. ಹಳೆಯ ಸೀಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟೆ; ಪಾರಿವಾಳಗಳು ಅದರಲ್ಲಿ ಮುಖ ನೋಡಿಕೊಂಡವು. ಮೊಬೈಲಿನಲ್ಲಿ ಗಿಡುಗನ ಕೂಗು ಹಾಕಿದೆ. ಎದುರು ಮನೆಯ ಕೋಳಿಗಳು ಕಕ್ಕಾಬಿಕ್ಕಿಯಾಗಿ ಓಡಿಹೋಗಿ, ಆ ಮನೆಯ ಸುಬ್ಬಮ್ಮ ನನಗೆ ಬೈದದ್ದೇ ಲಾಭ. ರಬ್ಬರ್ ಹಾವು ತಂದಿಟ್ಟೆ. ಅದಕ್ಕೆ ಹೆದರಿದವಳು ಜಯಾ ಒಬ್ಬಳೇ.

ಅಷ್ಟರಲ್ಲಿ ಆಂಜಿ ಬಂದ. “ಏಮಿ ಬಾವ, ಓದಿದೋರು ನೀವು. ಕಡ್ಲೆಕಾಯಿ ಹೊಲಕ್ಕೆ ಏನ್ ನಿಲ್ಲಿಸ್ತೀವೋ ಅದನ್ನೇ ನಿಲ್ಲಿಸಿದ್ರೆ ಆಯ್ತು” ಎಂದು ಒಂದು ಬೆದರುಬೊಂಬೆ ಕಟ್ಟಲು ಕೂತ. ಡಬ್ಬದಲ್ಲಿ ಮರಳು ತುಂಬಿ ಗಳ ನೆಟ್ಟ. ಅಡ್ಡ ಕೋಲು ಕಟ್ಟಿ ರಾಗಿಹುಲ್ಲು ಸುತ್ತಿದ. ತಲೆಗೆ ಮಡಕೆ ಬೋರಲು ಹಾಕಿದ. “ಅಕ್ಕಾ, ಬಾವಂದು ಹಳೇ ಶರ್ಟು ಕೊಡು” ಅಂದ.

ಜಯಾ ಅಟ್ಟದ ಟ್ರಂಕಿನಿಂದ ನೀಲಿ ಗೀಟಿನ ಬಿಳಿ ಅಂಗಿಯೊಂದನ್ನು ತಂದುಕೊಟ್ಟಳು. ನನ್ನದೇ ಅಂತ ಅವಳೂ ಅಂದುಕೊಂಡಳು, ನಾನೂ ಅಂದುಕೊಂಡೆ. ಒಂದು ಯುಗಾದಿಗೆ ಅಣ್ಣ ಒಂದೇ ಬಟ್ಟೆಯಲ್ಲಿ ನನಗೊಂದು, ತನಗೊಂದು ಅಂಗಿ ಹೊಲಿದುಕೊಂಡಿದ್ದ. ಅದು ಇಬ್ಬರಿಗೂ ಮರೆತುಹೋಗಿತ್ತು.

ಮುಖ ಬರೆಯುವ ಕೆಲಸ ಮಾತ್ರ ಯಾರಿಗೂ ಬಿಡಲಿಲ್ಲ. ಎಷ್ಟಾದರೂ ಡ್ರಾಯಿಂಗ್ ಮೇಷ್ಟ್ರು. ಭಯಂಕರವಾಗಿ ಬರೆಯಬೇಕೆಂದು ದಪ್ಪ ಹುಬ್ಬು ಎಳೆದೆ, ಗಿರಿಜಾ ಮೀಸೆ ಎಳೆದೆ. ಗಿರಿಜಾ ಮೀಸೆ ಯಾಕೋ ತಿರುವಿಕೊಳ್ಳದೆ ಕೆಳಗಿಳಿಯಿತು. ಕಣ್ಣು ಕೆಂಡವಾಗಬೇಕಿದ್ದದ್ದು ಸ್ವಲ್ಪ ದಣಿದ ಹಾಗೆ ಬಂತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಏನೋ ಸರಿಯಿಲ್ಲ ಅನಿಸಿತು, ಏನೆಂದು ತಿಳಿಯಲಿಲ್ಲ.

ಕೆಳಗಿನ ಬೀದಿಯಿಂದ ಸುಬ್ಬಮ್ಮ ಕೂಗಿ ಹೇಳಿದಳು: “ಇದೇನ್ ಮೇಷ್ಟ್ರೇ, ನಿಮ್ಮಣ್ಣನ್ನ ತಂದು ಮ್ಯಾಲೆ ನಿಲ್ಸಿಬುಟ್ಟಿದ್ದೀರಾ?”

ಅಂದವಳೇ ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು. ನಾನು ಬಟ್ಟೆ ತೆಗೆದುಕೊಂಡು ಒರೆಸಲು ನೋಡಿದೆ. ಬಂಡೆಯ ಕಾವಿಗೆ ಬಣ್ಣ ಆಗಲೇ ಒಣಗಿತ್ತು. ಅತ್ತಿಗೆಗೆ ಮಂಡಿನೋವು, ಮೆಟ್ಟಿಲು ಹತ್ತುವುದೇ ಇಲ್ಲ, ಇನ್ನೇನು ಎಂದು ಸುಮ್ಮನಾದೆ.

ಬೊಂಬೆಯನ್ನು ನಾವು ಪ್ಯಾನಲ್ಲಿನ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದೆವು. ಪಾರಿವಾಳಗಳು ಸ್ವಲ್ಪ ದಿನ ದೂರದ ಪ್ಯಾರಪೆಟ್ಟಿನ ಮೇಲೆ ಸಾಲಾಗಿ ಕೂತು ಅದನ್ನೇ ನೋಡಿದವು. ಒಂದು ಸಂಜೆ ಒಣಗಿದ ಬಟ್ಟೆ ತರಲು ಹೋದ ಜಯಾ ಬರಿಗೈಯಲ್ಲಿ ಇಳಿದು ಬಂದಳು.

“ರೀ, ಅದನ್ನ ಮೆಟ್ಟಿಲ ಕಡೆ ಯಾಕೆ ತಿರುಗಿಸಿದ್ರಿ? ಮೇಲೆ ಹತ್ತಿದ ತಕ್ಷಣ ಎದುರಿಗೇ ನೋಡುತ್ತೆ.”

ನಾನು ತಿರುಗಿಸಿರಲಿಲ್ಲ. ಗಾಳಿಗೆ ಇರಬೇಕು ಅಂದೆ. ಮರಳು ತುಂಬಿದ ಡಬ್ಬವನ್ನು ತಿರುಗಿಸುವ ಗಾಳಿ ಮಧುಗಿರಿಯಲ್ಲಿ ಬೀಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೋಗಿ ಸರಿಮಾಡಿ ಬಂದೆ. ಮಾರನೆಯ ಸಂಜೆ ಮತ್ತೆ ಮೆಟ್ಟಿಲ ಕಡೆಗೇ ಮುಖ. ಅದರ ಮಾರನೆಯ ದಿನವೂ. ಸ್ಕೂಲಿನಲ್ಲಿ ಮಕ್ಕಳಿಗೆ ದೆವ್ವಗಿವ್ವ ಎಲ್ಲ ಸುಳ್ಳು ಎಂದು ಭಾಷಣ ಬಿಗಿಯುವ ನಾನು, ಬಟ್ಟೆ ತರುವುದು ಹೆಂಗಸರ ಕೆಲಸ ಎಂದು ವಾದಿಸತೊಡಗಿದೆ. ಜಯಾ, ಬೊಂಬೆ ನಿಲ್ಲಿಸಿದವರೇ ತರಬೇಕು ಅಂದಳು. ಬಟ್ಟೆಗಳು ಮೇಲೆಯೇ ಉಳಿದು ಗರಿಗರಿಯಾದವು.

ಒಂದು ದಿನ ಊಟಕ್ಕೆ ಕೂತಾಗ ಅತ್ತಿಗೆ, ಮುದ್ದೆ ಮುರಿಯುತ್ತಾ, ಮಾಮೂಲಿ ದನಿಯಲ್ಲಿ ಅಂದರು: “ಸೀನಪ್ಪ, ನೀನ್ಯಾಕಪ್ಪ ಅವರನ್ನ ಮತ್ ಮತ್ತೆ ಆ ಕಡೀಕೆ ತಿರುಗಿಸ್ತೀಯ? ಇಳಿ ಬಿಸ್ಲು ಮುಖಕ್ಕೆ ಹೊಡೀತದೆ. ನಾನು ಮಂಡಿ ನೋವು ಇಟ್ಕೊಂಡು ಹತ್ತಿ ಹೋಗಿ ಸರಿ ಮಾಡ್ಬೇಕು.”

ಜಯಳ ಕೈಯ ಸೌಟು ಪಾತ್ರೆಗೆ ಬಡಿದ ಸದ್ದಷ್ಟೇ ಕೇಳಿಸಿತು.

ಅವತ್ತೇ ಬೊಂಬೆಯನ್ನು ಕಿತ್ತುಹಾಕಬೇಕಿತ್ತು ಅನ್ನುತ್ತೀರಿ. ನನಗೂ ಹಾಗೇ ಅನಿಸಿತು. ಆದರೆ ಜಯಾ ತಡೆದಳು. “ಅಕ್ಕ ಈಗ ಹೊಟ್ಟೆ ತುಂಬ ಉಣ್ತಾರೆ, ಗಮನಿಸಿದ್ರಾ? ಸಂಜೆ ಬಾಗಿಲಲ್ಲಿ ನಿಲ್ಲೋದೂ ಬಿಟ್ಟಿದ್ದಾರೆ” ಅಂದಳು. ನಿಜ. ಅತ್ತಿಗೆ ತಲೆ ಬಾಚಿ ಹೂ ಮುಡಿಯತೊಡಗಿದ್ದರು. ಕಾಯುವುದು ನಿಂತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ. ಕಾಯುವವರಿಗೆ, ಬರಬೇಕಾದವರು ಇನ್ನೂ ಬಂದಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಇವರು ಆ ಗಡಿಯನ್ನೂ ದಾಟಿ ಯಾವುದೋ ಕಡೆಗೆ ನಡೆಯುತ್ತಿದ್ದಾರೆ, ಅಲ್ಲಿಂದ ಕರೆದರೆ ಇನ್ನು ಕೇಳಿಸದು ಅನಿಸುತ್ತಿತ್ತು. ಮೇಲಿನಿಂದ ಅತ್ತಿಗೆಯ ಮಾತು ತೇಲಿಬರುತ್ತಿತ್ತು. ಬೊಂಬೆಯ ಭಯ ಬಿಟ್ಟ ಪಾರಿವಾಳಗಳು ಅದರ ಹೆಗಲ ಮೇಲೆಯೇ ಕೂತು ಹ್ಞೂಂಗುಟ್ಟುತ್ತಿದ್ದವು.

ನಾನು ಪಾಠ ಮಾಡುವುದು ಕೊರಟಗೆರೆಯಲ್ಲಿ. ಆ ದಿನ ಒಂಬತ್ತನೆಯ ತರಗತಿಗೆ ಹೂಜಿಗೆ ನೆರಳು ಹಾಕುವುದನ್ನು ತೋರಿಸುತ್ತಿದ್ದೆ. ಜಯಾ ಫೋನ್ ಮಾಡಿದಳು. ಪಿಸುದನಿ.

“ಬೇಗ ಬನ್ನಿ. ಅಕ್ಕ ಮೇಲೆ ಕೂತಿದ್ದಾರೆ, ಇಳೀತಿಲ್ಲ.”

“ಏನಾಯ್ತು?”

“ಅವರು ಉಸಿರಾಡ್ತಾ ಇದ್ದಾರಂತೆ.” ಅವಳು ದನಿ ಇನ್ನೂ ತಗ್ಗಿಸಿದಳು. “ರೀ… ನಾನೂ ದೂರದಿಂದ ನೋಡಿದೆ. ಅಂಗಿ ಅಲ್ಲಾಡ್ತಾ ಇದೆ. ಗಾಳಿ ಇಲ್ಲ.”

ಹೆಡ್‌ಮಾಸ್ಟರಿಗೆ ಏನು ಹೇಳಿ ಹೊರಟೆನೋ ನೆನಪಿಲ್ಲ. ಬಸ್ಸಿನ ತುಂಬ ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮುಗಿಸಿ ಬಂದವರು. ಹಣೆಯ ತುಂಬ ಕುಂಕುಮ, ಮಡಿಲಲ್ಲಿ ತೆಂಗಿನಕಾಯಿ ಹೋಳು. ಪಕ್ಕದ ಹೆಂಗಸು ಪ್ರಸಾದದ ಸಕ್ಕರೆ ಕೊಟ್ಟು, “ತಕಳಿ, ಯಾಕೆ ಇಂಗೆ ಬೆವರ್ತಿದ್ದೀರಿ?” ಅಂದಳು. ದೂರದಿಂದ ಬೆಟ್ಟ ಕಾಣಿಸಿದಾಗ, ಇನ್ನಷ್ಟು ದೂರವಿರಬಾರದಿತ್ತೇ ಅನಿಸಿತು.

ಮನೆ ಮುಟ್ಟಿದಾಗ ನೆರಳು ಕಾಲಡಿಯಲ್ಲಿ ಮುದುಡಿಕೊಳ್ಳುವ ಹೊತ್ತು. ಬೀದಿಯಲ್ಲಿ ಒಂದು ಸದ್ದಿಲ್ಲ. ಮೆಟ್ಟಿಲ ಬುಡದಲ್ಲಿ ಜಯಾ ನಿಂತಿದ್ದಳು. ನಾನು ಒಬ್ಬನೇ ಹತ್ತಿದೆ. ಕೊನೆಯ ಮೆಟ್ಟಿಲಿನಿಂದ ತಲೆ ಎತ್ತಿದರೆ, ನಾನೇ ಬರೆದ ಆ ದಣಿದ ಕಣ್ಣುಗಳು ನೇರವಾಗಿ ನನ್ನನ್ನೇ ನೋಡುತ್ತಿದ್ದವು.

ಅತ್ತಿಗೆ ಬೊಂಬೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಕೊಡೆ ಹಿಡಿದು ಅದಕ್ಕೆ ನೆರಳು ಮಾಡಿದ್ದರು. ಇನ್ನೊಂದು ಅಂಗೈ ಅಂಗಿಯ ಎದೆಯ ಮೇಲಿತ್ತು.

“ಬಂದಾ ಸೀನಪ್ಪ? ನೋಡು, ಮೈ ಬೆಚ್ಚಗದೆ. ಉಸ್ರು ಆಡ್ತಾ ಅದೆ. ಎಲ್ರೂ ಸೇರಿ ಹೋದ್ರು ಹೋದ್ರು ಅಂದುಬುಟ್ರಿ. ಓಡಪ್ಪ, ಡಾಕ್ಟ್ರನ್ನ ಕರ್ಕಂಡ್ ಬಾ.”

“ಅತ್ತಿಗೆ, ಕೆಳಗೆ ಹೋಗೋಣ ಬನ್ನಿ.”

“ಕೈ ಇಟ್ಟು ನೋಡು.”

“ಅತ್ತಿಗೆ…”

“ಇಟ್ಟು ನೋಡು ಅಂದೆ.”

ಇಟ್ಟೆ. ಅಂಗಿ ಬಿಸಿಲಿಗೆ ಕಾದಿತ್ತು, ಅದು ಬೇರೆ. ಅದರ ಅಡಿಯಲ್ಲಿ ಬೇರೊಂದು ಬಿಸುಪಿತ್ತು, ಮೈಯ ಬಿಸುಪು. ಅಂಗೈಗೆ ಮೆತ್ತಗೆ ಏನೋ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಅದರೊಳಗೆ ಇನ್ನೂ ಸಣ್ಣದಾಗಿ, ಬಹಳ ಬೇಗ ಬೇಗ, ಒಂದು ಬಡಿತ.

ನಾನು ಕೈ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲ. ಬೆಂಕಿ ಇಟ್ಟವನು ನಾನು, ಬೂದಿ ಬಾಚಿದವನು ನಾನು. ಆದರೂ ನನ್ನ ಬಾಯಿಂದ ತಾನಾಗಿ ಹೊರಟಿತು: “ಅಣ್ಣಾ?”

“ಹ್ಞೂಂ…” ಎಂದಿತು ಎದೆ.

ನಾನು ಗಳವನ್ನು ಹಿಡಿದುಕೊಂಡೆ. ಬೊಂಬೆ ವಾಲಿತು. ಮಡಕೆಯ ಕೆಳಗೆ, ಕತ್ತಿನ ಸಂದಿನಲ್ಲಿ ಹುಲ್ಲು ಸರಿದು ಒಂದು ಬೂದು ತಲೆ ಹೊರಬಂತು. ಕಿತ್ತಳೆ ಬಣ್ಣದ ಒಂದು ಕಣ್ಣು ನನ್ನನ್ನು ನೋಡಿತು. ಅಂಗಿಯ ಗುಂಡಿ ಬಿಚ್ಚಿದೆ. ಪಾರಿವಾಳ ನನ್ನ ಕೆನ್ನೆಗೆ ರೆಕ್ಕೆಯಿಂದ ಬಾರಿಸಿ ಹಾರಿ ಪ್ಯಾರಪೆಟ್ಟಿನ ಮೇಲೆ ಕೂತಿತು. ರಾಗಿಹುಲ್ಲಿನ ಎದೆಗೂಡಿನಲ್ಲಿ ಎರಡು ಮರಿಗಳಿದ್ದವು. ಹಳದಿ ಕೂದಲು, ಮೈಗಿಂತ ದೊಡ್ಡ ಕೊಕ್ಕು, ಇನ್ನೂ ಸರಿಯಾಗಿ ತೆರೆಯದ ಕಣ್ಣು. ಒಂದಕ್ಕೊಂದು ಒತ್ತಿಕೊಂಡು ಇಡೀ ಮೈಯಿಂದ ಉಸಿರಾಡುತ್ತಿದ್ದವು.

ಅತ್ತಿಗೆ ಕೊಡೆಯನ್ನು ಕೆಳಗಿಟ್ಟರು. ಬಗ್ಗಿ ನೋಡಿದರು. ಎಷ್ಟು ಹೊತ್ತು ನೋಡಿದರೋ. ಕೂಗಿ ಬೀಳುತ್ತಾರೆ, ನನ್ನನ್ನು ಹೊಡೆಯುತ್ತಾರೆ, ಇಲ್ಲವೇ ನಗುತ್ತಾರೆ, ಏನೋ ಒಂದು ಆಗುತ್ತದೆ ಎಂದು ಕಾದೆ.

“ಇವರಲ್ಲ” ಅಂದರು. ಅಂಗಡಿಯಲ್ಲಿ ಬೇರೆ ಯಾರದೋ ಬಟ್ಟೆ ಕೊಟ್ಟಾಗ ಹೇಳುವ ಹಾಗೆ.

ಆಮೇಲೆ, ನನ್ನ ಕಡೆ ತಿರುಗದೆ ಕೇಳಿದರು: “ಸೀನಪ್ಪ, ಅವ್ರು ಹೋದ್ರಾ?”

ಆ ಪ್ರಶ್ನೆಯನ್ನು ಅವರು ಅದುವರೆಗೆ ಯಾರನ್ನೂ ಕೇಳಿರಲಿಲ್ಲ.

“ಹೋದ್ರು, ಅತ್ತಿಗೆ.”

“ಹೆಂಗೆ ಹೋದ್ರು? ಎಲ್ಲಾ ಹೇಳು.”

ಪ್ಯಾನಲ್ಲಿನ ನೆರಳಿನಲ್ಲಿ, ಹಿಕ್ಕೆ ಕಡ್ಡಿಗಳ ಮಧ್ಯೆ ಇಬ್ಬರೂ ಕೂತೆವು. ನಾನು ಹೇಳಿದೆ. ಬಟ್ಟೆ ಅಂಗಡಿಯ ಕರೀಂ ಸಾಹೇಬರು ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ಹೇಳಿದ್ದನ್ನು ಹಾಗೆಯೇ ಹೇಳಿದೆ: ‘ನಮ್ದು ತೊಡೆ ಮ್ಯಾಲೇ ತಲೆ ಇಟ್ಟಿದ್ರು, ಮೇಷ್ಟ್ರೇ. ಪಾನಿ ಕುಡಿಸಿದ್ವಿ. ಜಾಸ್ತಿ ತಕ್ಲೀಫ್ ಆಗ್ಲಿಲ್ಲ. ಜೇಬಲ್ಲಿ ಮೊಬೈಲ್ ಇದೆ ನೋಡಿ, ಕಾಶಿಯಿಂದ ಫೋನ್ ಬಂತಾ ಅಂತ ಕೇಳಿದ್ರು.’

ಅತ್ತಿಗೆ ಅಂಗೈಯನ್ನೇ ನೋಡಿಕೊಳ್ಳುತ್ತಾ ಕೂತಿದ್ದರು. “ಅವತ್ತು ಮಾಡ್ಲಿಲ್ಲ ಕಣಪ್ಪ. ಘಾಟಲ್ಲಿ ಜನವೋ ಜನ. ನಾಳೆ ಮಾಡಿದ್ರಾಯ್ತು ಅಂತಂದ್ಕಂಡೆ” ಅಂದರು. ಅಷ್ಟು ಹೇಳಿ ಅಳತೊಡಗಿದರು. ನಾನು ಅವರನ್ನು ಸಮಾಧಾನ ಮಾಡಲಿಲ್ಲ. ಜಯಾ ಯಾವಾಗಲೋ ಮೇಲೆ ಬಂದು ಅವರ ಬೆನ್ನಿಗೆ ಒತ್ತಿ ಕೂತಿದ್ದಳು. ಬೀದಿಯ ಮೌನದಲ್ಲಿ ಆ ಅಳು ಬೆಟ್ಟಕ್ಕೆ ಹೋಗಿ ತಾಗಿ ಬರುತ್ತಿತ್ತು.

ಬಹಳ ಹೊತ್ತಾದ ಮೇಲೆ ಅತ್ತಿಗೆ ಎದ್ದರು. ಬೊಂಬೆಯ ಹತ್ತಿರ ಹೋಗಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. “ಮರಿಗೆ ಬಿಸ್ಲು” ಅಂದರು. ನಾವು ಮೆಟ್ಟಿಲು ಇಳಿಯುತ್ತಿದ್ದಾಗ ತಾಯಿಹಕ್ಕಿ ಹಿಂದಕ್ಕೆ ಬಂದ ರೆಕ್ಕೆಯ ಸದ್ದು ಕೇಳಿಸಿತು.

ಮುಂದಿನ ವಾರ ಜಾಲರಿಯವನು ಬಂದ. ಗಡ್ಡ ನರೆತ, ಅವಸರದ ಮನುಷ್ಯ. ಪ್ಯಾನಲ್ಲಿನ ಅಡಿಗೆ ಟಾರ್ಚು ಬಿಟ್ಟು ಒಳಗೆ ಒಂದು ಹಕ್ಕಿಯೂ, ಮೊಟ್ಟೆಯೂ ಉಳಿದಿಲ್ಲ ಎಂದು ನೋಡಿದ. ಕಸವೆಲ್ಲ ಎಳೆದು ತೊಳೆದ. ಕುಕ್ಕಿದ ವೈರು ಬದಲಾಯಿಸಿದ. ಪ್ಯಾನಲ್ಲಿಗೆ ತೂತು ಹೊಡೆಯದೆ, ಅಂಚಿಗೆ ಕ್ಲಿಪ್ ಸಿಕ್ಕಿಸಿ ಸುತ್ತಲೂ ಜಾಲರಿ ಬಿಗಿದ. ಕೊನೆಗೆ ಬೊಂಬೆಯ ಕಡೆ ನೋಡಿ, “ಇದರಲ್ಲೂ ಹಕ್ಕಿ ಇದೆ ಸಾರ್, ಇದನ್ನ ತೆಗೆದು ಬಿಸಾಕ್ಲಾ?” ಅಂದ.

“ಮುಟ್ಬ್ಯಾಡ” ಅಂದರು ಅತ್ತಿಗೆ. “ಒಳಗೆ ಬಾಣಂತಿ ಅವ್ಳೆ.”

ಅವನು ಒಂದು ಸಲ ಬೊಂಬೆಯನ್ನು, ಒಂದು ಸಲ ನನ್ನನ್ನು ನೋಡಿ, ಬೇಗ ಬೇಗ ಸಾಮಾನು ಕಟ್ಟಿಕೊಂಡ.

ಅಂದಿನಿಂದ ಚಾವಣಿ ಮಾತಾಡಲಿಲ್ಲ. ಕರೆಂಟು ಚೆನ್ನಾಗಿ ಬಂತು, ಹಿಕ್ಕೆ ಇಲ್ಲ, ನಾತ ಇಲ್ಲ. ನಿಮ್ಮ ತಾರಸಿಯ ಮೇಲೂ ಪಾರಿವಾಳದ ಕಾಟವಿದ್ದರೆ ಜಾಲರಿಯೇ ಒಳ್ಳೆಯದು, ನನ್ನ ಹಾಗೆ ಬೊಂಬೆಗಿಂಬೆ ನಿಲ್ಲಿಸಲು ಹೋಗಬೇಡಿ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಆ ಮೌನ ನನಗೆ ಗುಟುರಿಗಿಂತ ಭಯ ಹುಟ್ಟಿಸಿತು. ಮಧ್ಯಾಹ್ನ ಅತ್ತಿಗೆಯ ಕೋಣೆಯ ಮುಂದೆ ಹಾಯುವಾಗ ನಿಂತು ಕೇಳುತ್ತಿದ್ದೆ. ಒಳಗಿಂದ ಒಂದು ಮಾತೂ ಬರುತ್ತಿರಲಿಲ್ಲ. ಹ್ಞೂಂ ಅನ್ನುವವರಿಲ್ಲದ ಮೇಲೆ ಅವರು ಇನ್ನು ಮಾತೇ ಆಡದೆ ಹೋದರೆ?

ಮರಿಗಳಿಗೆ ಗರಿ ಬಂತು, ಒಂದು ಬೆಳಗ್ಗೆ ಗೂಡು ಬರಿದಾಯಿತು. ಮೇಲೆ ಹತ್ತಿ ಬರಲು ನನ್ನನ್ನು ಕರೆದವರು ಅತ್ತಿಗೆಯೇ. ಅಂಗಿಯನ್ನು ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟರು. ಹುಲ್ಲು ಬಿಡಿಸಿದರು. ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಆ ಮುಖವನ್ನು ತಮ್ಮ ಕಡೆ ತಿರುಗಿಸಿ ಹಿಡಿದರು.

“ಮಸಾಣದಲ್ಲಿ ಮಡಕೆ ಒಡೆದ್ಯಾ?”

“ಒಡೆದೆ, ಅತ್ತಿಗೆ.”

“ನಾನು ನೋಡ್ಲಿಲ್ಲ” ಎಂದು, ಅದನ್ನು ಹೆಗಲವರೆಗೆ ಎತ್ತಿ ಹಿಂದಕ್ಕೆ ಬಿಟ್ಟರು. ಕಾದ ತಾರಸಿಯ ಮೇಲೆ ಅದು ಚೂರಾಯಿತು. ತಿರುಗಿ ನೋಡದೆ ಮೆಟ್ಟಿಲು ಇಳಿದರು. ಚೂರುಗಳನ್ನು ನಾನು ಗುಡಿಸಿದೆ. ಹುಬ್ಬು ಯಾವುದು, ಮೀಸೆ ಯಾವುದು ಎಂದು ಹೊಂದಿಸಿ ನೋಡಲು ಹೋಗಲಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರ ಹಬ್ಬಕ್ಕೆ ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದು ಬಡಿಸಿ ಎಡೆ ಹಾಕುವುದು ನಮ್ಮಲ್ಲಿ ಪದ್ಧತಿ. ಹಿಂದಿನ ವರ್ಷ ಅಣ್ಣನ ಹೆಸರು ಎತ್ತಿದ್ದಕ್ಕೆ ಅತ್ತಿಗೆ ಎದ್ದುಹೋಗಿದ್ದರು. ಹಾಗಾಗಿ ನಾವು ಮಾತೆತ್ತಲಿಲ್ಲ. ಒಂದು ಮಧ್ಯಾಹ್ನ ನಾನೂ ಜಯಳೂ ಅಡುಗೆಮನೆಯಲ್ಲಿ ಕೂತಿದ್ದಾಗ ಮುಂದಿನ ಕೋಣೆಯಿಂದ ಹೊಲಿಗೆ ಮಷೀನಿನ ಸದ್ದು ಬಂತು.

ಜಯಾ ನನ್ನ ಮೊಣಕೈ ಹಿಡಿದಳು. ಸದ್ದು ಓಡಿತು, ನಿಂತಿತು, ಮತ್ತೆ ಓಡಿತು.

ಹೋಗಿ ನೋಡಿದರೆ ಅತ್ತಿಗೆ ಮಷೀನಿನ ಮುಂದೆ ಕೂತಿದ್ದರು. ಮುಂದೆ ಹೊಸ ಬಿಳಿ ಬಟ್ಟೆ. “ಬಾ ಇಲ್ಲಿ, ನಿಂತ್ಕೋ. ಅವರ ಅಳತೆ ಎಲ್ಲೂ ಬರೆದಿಲ್ಲ. ತಮ್ದು ತಾವೇ ಕಣ್ಣಂದಾಜಲ್ಲಿ ಹೊಲ್ಕತಿದ್ರು” ಎಂದು ಟೇಪು ತೆಗೆದುಕೊಂಡು ನನ್ನ ಹೆಗಲ ಮೇಲಿಟ್ಟರು. ಬೆನ್ನಿಗೆ ಹಿಡಿದರು, ತೋಳಿಗೆ ಹಿಡಿದರು. “ಅವರಿಗಿಂತ ನೀನು ಒಂಚೂರು ಗಿಡ್ಡ. ಪರವಾಗಿಲ್ಲ, ಎಡೆಗೆ ಇಟ್ಟಾದ್ಮೇಲೆ ನೀನೇ ತಾನೆ ಹಾಕ್ಕಳದು” ಅಂದರು. ಅಂದು, ಸೊಪ್ಪಿನವಳು ಈ ಸಲವೂ ಕೊಳೆತದ್ದು ಕೊಟ್ಟುಹೋದ ಕತೆ ಶುರು ಮಾಡಿದರು. ಜಯಾ ಬಾಗಿಲಲ್ಲಿ ನಿಂತು ಹೌದಕ್ಕ, ಹೌದಕ್ಕ ಅನ್ನುತ್ತಿದ್ದಳು.

ಹಬ್ಬದ ದಿನ ಅಣ್ಣನ ಹೆಸರಿನಲ್ಲಿ ಮೊದಲ ಸಲ ಎಡೆ ಬಿತ್ತು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಒಬ್ಬಟ್ಟು, ವಡೆ. ಪೂಜೆ ಮುಗಿದ ಮೇಲೆ ಅತ್ತಿಗೆ ಆ ಅಂಗಿಯನ್ನು ಕೈಗೆ ಕೊಟ್ಟು ಹಾಕಿಕೋ ಅಂದರು. ಹಾಕಿಕೊಂಡೆ. ಕಾಗೆಗೆ ಇಡಲು ಬಾಳೆಲೆಯ ತುಣುಕಿನಲ್ಲಿ ಅನ್ನ ಹಿಡಿದು ತಾರಸಿಗೆ ಹೋದೆ. ನೆತ್ತಿಯ ಮೇಲೆ ಬಿಸಿಲು. ಪ್ಯಾರಪೆಟ್ಟಿನ ಮೇಲೆ ಎಲೆ ಇಟ್ಟು ಕಾ ಕಾ ಎಂದು ಕರೆದೆ. ಹಿಂದೆ ಕಾಲಸಪ್ಪಳವಾಯಿತು.

ತಿರುಗಿದರೆ ಅತ್ತಿಗೆ ಕೊನೆಯ ಮೆಟ್ಟಿಲ ಮೇಲೆ, ನೀರಿನ ಲೋಟ ಹಿಡಿದು, ನಿಂತುಬಿಟ್ಟಿದ್ದರು. ಬಿಳಿ ಅಂಗಿ ತೊಟ್ಟು, ಬಂಡೆಗೆ ಬೆನ್ನು ಮಾಡಿ, ಬೊಂಬೆ ನಿಂತಿದ್ದ ಜಾಗದಲ್ಲೇ ನಾನು ನಿಂತಿದ್ದೆ. ಅವರು ನನ್ನನ್ನು ನೋಡಿದರು. ಕಣ್ಣು ರೆಪ್ಪೆ ಹೊಡೆಯಲಿಲ್ಲ. ಮಾತಾಡಲೋ, ಅಲ್ಲಾಡಲೋ, ಗೊತ್ತಾಗಲಿಲ್ಲ.

ಅವರು ಹತ್ತಿರ ಬಂದು ಲೋಟವನ್ನು ಎಲೆಯ ಪಕ್ಕ ಇಟ್ಟರು.

“ಸೀನಪ್ಪ, ಕಾಲರ್ ಸರಿ ಮಾಡ್ಕೋ” ಅಂದರು. “ಬಾ, ಉಣ್ಣಾನ. ಎಲ್ರೂ ಕಾಯ್ತಾವ್ರೆ.”